ಎಲ್ಲದಕ್ಕೂ ಹೂಂ ಅನ್ನುವವರು

ತೊಂಬತ್ತರ ದಶಕದಲ್ಲಿ ನಾನು ಮನೋವೈದ್ಯರ ಜೊತೆ ಉತ್ತರ ಕರ್ನಾಟಕದ ಒಂದು ಜೈಲಿಗೆ ಹೋಗಲು ಶುರು ಮಾಡಿದಾಗ ನಮ್ಮೆದುರು ಬರುತ್ತಿದ್ದವರು ಕೂಗಾಡುವವರು, ನಿದ್ದೆಗೆಟ್ಟವರು, ಕೈ ಕೊಯ್ದುಕೊಂಡವರು. ಅವರಿಗೆ ಮಾತ್ರೆ ಬರೆದುಕೊಟ್ಟರೆ ಬ್ಯಾರಕ್ ಶಾಂತವಾಗುತ್ತಿತ್ತು. ಹುಟ್ಟಿನಿಂದಲೇ ಬುದ್ಧಿ ಬೆಳೆಯುವುದು ನಿಧಾನವಾದವರು ಆ ಸಾಲಿನಲ್ಲಿ ಇರುತ್ತಲೇ ಇರಲಿಲ್ಲ. ಕಸ ಗುಡಿಸು ಅಂದರೆ ಗುಡಿಸುತ್ತಾರೆ, ಇನ್ನೊಬ್ಬನ ಬಟ್ಟೆ ಒಗೆ ಅಂದರೆ ಒಗೆಯುತ್ತಾರೆ, ಮನೆಯವರು ತಂದ ಬಿಸ್ಕೀಟು ಕಸಿದುಕೊಂಡರೂ ದೂರು ಹೇಳುವುದಿಲ್ಲ. ಜೈಲಿನ ಲೆಕ್ಕದಲ್ಲಿ ಅವರೇ ಒಳ್ಳೆಯ ಕೈದಿಗಳು.

ಕುರಿ ಕಾಯುತ್ತಿದ್ದ ಒಬ್ಬ ವಿಚಾರಣಾಧೀನ ಕೈದಿಯನ್ನು ವಾರ್ಡರ್ ಕರೆತಂದದ್ದು ಬೇರೆ ಕಾರಣಕ್ಕೆ. ಸಂಜೆಯ ಎಣಿಕೆಗೆ ಪ್ರತಿದಿನ ತಪ್ಪು ಸಾಲಿನಲ್ಲಿ ಕೂರುತ್ತಾನೆಂದು. "ಬೇಕಂತ ಮಾಡ್ತಾನ್ರೀ ಮೇಡಂ" ಎಂದರು. ನಾನು ಅವನ ಮೇಲಿನ ಕೇಸಿನ ಬಗ್ಗೆ ಕೇಳಿದೆ: "ನೀ ಅವನ್ನ ಹೊಡದಿ ಏನ?" "ಹೂನ್ರಿ ಅಕ್ಕಾರ." ಸ್ವಲ್ಪ ಹೊತ್ತು ಬಿಟ್ಟು, "ನೀ ಹೊಡದೇ ಇಲ್ಲ, ಹೌದಲ್ಲ?" "ಹೂನ್ರಿ." ಎರಡು ಸಲವೂ ನನ್ನ ಮುಖ ನೋಡಿ, ನನಗೆ ಯಾವುದು ಬೇಕೋ ಅದನ್ನೇ ಕೊಟ್ಟಿದ್ದ. ಇದೇ ಹೂಂ ಅನ್ನು ಅವನು ಠಾಣೆಯಲ್ಲಿ ಎಷ್ಟು ಸಲ ಅಂದಿರಬಹುದು ಎಂಬ ಯೋಚನೆಯೇ ನನ್ನನ್ನು ಈ ಕೆಲಸದಲ್ಲಿ ಇಷ್ಟು ವರ್ಷ ಹಿಡಿದಿಟ್ಟದ್ದು.

ಇಂಥವರ ಬುದ್ಧಿಮಟ್ಟ ಅಳೆಯುವುದಾದರೂ ಹೇಗೆ? ನಮ್ಮ ಕೈಲಿದ್ದದ್ದು ಬಿನೆ-ಕಾಮತ್ ಪರೀಕ್ಷೆ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗಾಗಿ ಹೊಂದಿಸಿದ್ದು. ಬೆಳ್ಳಗಾದ ಗಡ್ಡದವನ ಮುಂದೆ ಅದನ್ನು ಹರಡಿದರೆ ಬಾಗಿಲಲ್ಲಿ ನಿಂತವರು ನಗುತ್ತಿದ್ದರು. ದಿನನಿತ್ಯದ ಸಾಮರ್ಥ್ಯ ಅಳೆಯುವ ವೈನ್‌ಲ್ಯಾಂಡ್ ಮಾಪನದ ಕಷ್ಟ ಬೇರೆ: ಒಬ್ಬನೇ ಪೇಟೆಗೆ ಹೋಗಿ ಬರುತ್ತಾನೆಯೇ, ದುಡ್ಡು ಸರಿಯಾಗಿ ಖರ್ಚು ಮಾಡುತ್ತಾನೆಯೇ ಎಂಬುದನ್ನು ಜೈಲಿನಲ್ಲಿ ಯಾರ ಬಗ್ಗೆ ತಾನೇ ಹೇಳಲಾದೀತು? ಉತ್ತರಿಸಬೇಕಾದ ತಾಯಿ ಎಲ್ಲೋ ದೂರದ ಹಳ್ಳಿಯಲ್ಲಿ. ಕೊನೆಗೆ ನೆರವಾದವರು ಜೊತೆಗಿದ್ದ ಕೈದಿಗಳೇ. ಜೀವಾವಧಿಯ ಅಜ್ಜನೊಬ್ಬ ಕುರಿಗಾಹಿಯ ಬಗ್ಗೆ ಹೇಳಿದ: "ಮೂರು ಚಪ್ಪಲಿ ಜೋಡಿ ಇಟ್ರ ತಂದು ಯಾವುದಂತ ಅವಗ ತಿಳಿಯಂಗಿಲ್ರೀ." ನನ್ನ ಯಾವ ಅಂಕಿಗಿಂತಲೂ ಅದು ಖಚಿತವಾಗಿತ್ತು.

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಬಂದಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನ 2011ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ನನ್ನನ್ನು ತಟ್ಟಿದ್ದು ವಿಧಾನ. ವಾರ್ಡರುಗಳು ಆರಿಸಿ ತಂದವರನ್ನಷ್ಟೇ ನೋಡುತ್ತಿದ್ದ ನಮಗೆ, ಗದ್ದಲ ಮಾಡದವರನ್ನೂ ಕೂರಿಸಿ ಕೇಳಬೇಕೆಂದು ಅದು ತೋರಿಸಿತು. ನಾನಿದ್ದಲ್ಲಿ ಆಮೇಲೆ, ಒಳಬರುವ ಪ್ರತಿಯೊಬ್ಬರಿಗೂ ಕೆಲವು ಸರಳ ಪ್ರಶ್ನೆ ಕೇಳುವ ಪದ್ಧತಿ ಬಂತು. ಎಷ್ಟನೇ ತರಗತಿವರೆಗೆ ಓದಿದ್ದೀರಿ, ನೂರರ ನೋಟು ಕೊಟ್ಟು ಮೂವತ್ತರ ಸಾಮಾನು ತಂದರೆ ಎಷ್ಟು ಉಳಿಯುತ್ತೆ, ನಿಮ್ಮ ಮೇಲಿನ ಕೇಸು ಏನು. ಮೂರನೆಯದಕ್ಕೆ ಉತ್ತರ ಬಾರದವರ ಹತ್ತಿರ ನಾನು ಹೆಚ್ಚು ಹೊತ್ತು ಕೂರುತ್ತಿದ್ದೆ.

ನಿಜವಾದ ನೆರವಿನಲ್ಲಿ ಔಷಧಿಯ ಪಾಲು ಕಡಿಮೆ. ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಊಟ-ಎಣಿಕೆ-ಮುಲಾಖತ್ತಿನ ಚಿತ್ರಗಳನ್ನು ಗೋಡೆಗೆ ಅಂಟಿಸುವುದು, ನಂಬಿಕಸ್ತನೊಬ್ಬನ ಪಕ್ಕದಲ್ಲಿ ಹಾಸಿಗೆ ಕೊಡಿಸುವುದು. ಕುರಿಗಾಹಿ ಸರಿಯಾದ ಸಾಲಿನಲ್ಲಿ ಕೂರತೊಡಗಿದ್ದು ಆ ಅಜ್ಜನ ಪಕ್ಕ ಜಾಗ ಸಿಕ್ಕಿದ ಮೇಲೆ. ಎಲ್ಲಕ್ಕಿಂತ ದೊಡ್ಡ ಕೆಲಸ ಕೋರ್ಟಿಗೆ ಬರೆಯುವ ವರದಿ. ಆರೋಪಿಗೆ ತನ್ನ ಪರ ವಾದಿಸಿಕೊಳ್ಳುವ ಶಕ್ತಿ ಇದೆಯೇ ಎಂಬ ತನಿಖೆಯಲ್ಲಿ ನಮ್ಮಂಥ ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರು ಕಾನೂನಿನಲ್ಲಿ ಕಾಣಿಸಿಕೊಂಡದ್ದೇ 2008ರ ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಿಂದ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದು ಸರಿಯೇ, ಅದು ಕಾಯಿಲೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೆ ಜಾಗವಿದೆ. ಆದರೆ ಜೈಲಿನೊಳಗೆ ವೈದ್ಯರ ಬಾಗಿಲು ತೆರೆಯುವುದು ಕಾಯಿಲೆ ಎಂದರೆ ಮಾತ್ರ. ಈ ನಡುವಿನ ಸಂದಿಗೆ ಬಿದ್ದವರನ್ನು ನಾನು ಬಹಳ ಕಂಡಿದ್ದೇನೆ. ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಜೈಲಿಗೆ ಸೇರಿಸುವಾಗಲೇ ಅಂಗವಿಕಲರನ್ನು ಗುರುತಿಸಬೇಕೆಂದು 2025ರಲ್ಲಿ ಹೇಳಿದ್ದು ಓದಿ ನನಗೆ ತುಂಬ ಸಮಾಧಾನವಾಯಿತು.

ಗುರುತಿಸಿದ ಮೇಲೆ ಏನು ಎಂಬುದು ಇನ್ನೂ ಬಗೆಹರಿದಿಲ್ಲ. ಕುರಿಗಾಹಿಯ ವಿಚಾರಣೆ ತಡೆದು, ಹೊಣೆ ಹೊರುವವರ ಕೈಗೆ ಒಪ್ಪಿಸಲು ಕೋರ್ಟು ಸಿದ್ಧವಿತ್ತು. ಹೊಲದ ಉತಾರ ಹಿಡಿದು ಜಾಮೀನಿಗೆ ನಿಲ್ಲಬೇಕಾಗಿದ್ದ ಅಣ್ಣನೇ ಬರಲಿಲ್ಲ. ತಮ್ಮ ಹೊರಬಂದರೆ ಹೊಲದಲ್ಲಿ ಪಾಲು ಕೊಡಬೇಕಾಗುತ್ತದೆಂಬ ಭಯ. ಇಂಥವರನ್ನು ಇಟ್ಟುಕೊಳ್ಳುವ ವಸತಿ ಕೇಂದ್ರ ಪ್ರತಿ ಜಿಲ್ಲೆಯಲ್ಲೂ ಬೇಕೆಂದು ನಾನು ಪ್ರತಿ ಸಭೆಯಲ್ಲಿ ಹೇಳುತ್ತ ಬಂದಿದ್ದೇನೆ, ಈಗಲೂ ಹೇಳುತ್ತೇನೆ.