ಆಸೆಗೆ ಎಷ್ಟು ಹೆಸರು?

‘ಡಿಸೈರ್’ ಪದದ ಅರ್ಥ ಕೇಳಿದರೆ ತರಗತಿಯಲ್ಲಿ ನೀವೆಲ್ಲ ಥಟ್ಟನೆ ‘ಆಸೆ’ ಎನ್ನುತ್ತಿದ್ದಿರಿ. ಉತ್ತರ ಸರಿಯೇ. ಆದರೆ ಇದರ ಲ್ಯಾಟಿನ್ ಮೂಲದಲ್ಲಿ ಇಲ್ಲದುದಕ್ಕಾಗಿ ಹಂಬಲಿಸುವುದು ಎಂಬ ಭಾವವೂ ಉಂಟು.

ಒಮ್ಮೆ ಇದರ ಉರ್ದು ಸಮಾನಪದವೇನೆಂದು ಉರ್ದು ಕಲಿಸುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದೆ. ಅವರು ಒಂದರ ಬದಲು ನಾಲ್ಕು ಪದಗಳನ್ನು ಹೇಳಿದರು. ಸಾಮಾನ್ಯ ಬಯಕೆಗೆ ಪಾರಸಿಯಿಂದ ಬಂದ ‘ಖ್ವಾಹಿಶ್’, ಮನದಾಳದ ಹಂಬಲಕ್ಕೆ ‘ಆರ್ಜೂ’, ಹೀಗಾಗಲಿ ಎಂಬ ಹಾರೈಕೆಗೆ ಅರಬ್ಬಿ ಮೂಲದ ‘ತಮನ್ನಾ’, ಈಡೇರದೆ ಉಳಿದು ನೋವಾದ ಆಸೆಗೆ ‘ಹಸ್ರತ್’. ನಾವು ಆಡುವ ‘ಷೋಕಿ’ಯೂ ‘ಶೌಕ್’ ಎಂಬ ಪದದಿಂದಲೇ ಬಂದದ್ದೆಂದು ನಗುತ್ತಾ ಸೇರಿಸಿದರು.

ಸ್ವಾತಂತ್ರ್ಯ ಹೋರಾಟಗಾರರೂ ಕವಿಯೂ ಆಗಿದ್ದ ಮೌಲಾನಾ ಹಸ್ರತ್ ಮೊಹಾನಿಯವರು (1875–1951) ಈ ಕೊನೆಯ ಪದವನ್ನೇ ಕಾವ್ಯನಾಮ ಮಾಡಿಕೊಂಡಿದ್ದರು. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ಪೂರ್ಣ ಸ್ವಾತಂತ್ರ್ಯದ ಬೇಡಿಕೆಯನ್ನು ಮಂಡಿಸಿದಾಗ ಅದು ಅಂಗೀಕಾರವಾಗಲಿಲ್ಲ. ಕಾಂಗ್ರೆಸ್ಸು ಅದನ್ನು ಒಪ್ಪಿದ್ದು 1929ರಲ್ಲಿ, ಲಾಹೋರಿನಲ್ಲಿ.

ಎಲ್ಲ ಆಸೆಗಳಿಗೂ ಆ ಭಾಗ್ಯವಿಲ್ಲ. ನನ್ನ ತಾಯಿಯವರನ್ನು ಮೂರನೆಯ ತರಗತಿಗೇ ಶಾಲೆ ಬಿಡಿಸಿದ್ದರು. ನಾನು ಬಿ.ಎಡ್. ಓದುತ್ತಿದ್ದಾಗ ಅಮ್ಮ ನನ್ನ ಪುಸ್ತಕಗಳ ಧೂಳು ಒರೆಸಿ, ಪುಟಗಳನ್ನು ಮೆಲ್ಲನೆ ತಿರುವಿ, ಮತ್ತೆ ಇದ್ದಲ್ಲಿಯೇ ಇಡುತ್ತಿದ್ದರು. ಒಂದು ಮಾತನ್ನೂ ಆಡುತ್ತಿರಲಿಲ್ಲ. ಅದನ್ನು ಬರಿಯ ‘ಆಸೆ’ ಎನ್ನಲು ನನ್ನ ಮನಸ್ಸು ಒಪ್ಪದು. ಅದು ಹಸ್ರತ್.

ನಿಮ್ಮ ಮನೆಯ ಹಿರಿಯರಲ್ಲಿಯೂ ಇಂಥದೊಂದು ಉಳಿದಿದ್ದೀತು. ಬಿಡುವಾದಾಗ ಪಕ್ಕದಲ್ಲಿ ಕುಳಿತು ಕೇಳಿರಿ.