ಮಾಲ್ಗುಡಿ ಅಂಗಿ

ದಸರೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಚೀಲದಿಂದ ಎರಡು ಟಿ-ಶರ್ಟ್ ತೆಗೆದ. ಒಂದು ಅವನದು, ಇನ್ನೊಂದು ನನ್ನದಂತೆ. ಎರಡೂ ತಿಳಿನೀಲಿ. ಎದೆಯ ಮೇಲೆ ಪಾಟೀಚೀಲ ಹೆಗಲಿಗೇರಿಸಿ ಓಡುವ ಹುಡುಗನ ಗೆರೆಚಿತ್ರ, ಅದರ ಕೆಳಗೆ ದುಂಡನೆಯ ಅಕ್ಷರಗಳಲ್ಲಿ ‘ಮಾಲ್ಗುಡಿ ಡೇಸ್’.

ನನಗೀಗ ಎಪ್ಪತ್ತರ ಹತ್ತಿರ ವಯಸ್ಸು. ಮಾಸ್ತರಿಕೆಯ ಅಷ್ಟೂ ವರ್ಷ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ. ಇದನ್ನು ಹಾಕಿಕೊಂಡು ಬೈಲಹೊಂಗಲದ ಪೇಟೆಯಲ್ಲಿ ನಡೆದರೆ ಮಂದಿ ಏನಂದಾರು? ಮನೆಯವಳು ಅಡುಗೆಮನೆಯಿಂದಲೇ ಕೇಳಿದಳು, “ಈ ವಯಸ್ಸಿನಾಗ ಚಿತ್ರದ ಬನೀನ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ?” ಮೊಮ್ಮಗ ಬಿಡಬೇಕಲ್ಲ. ಹಾಕಿಸಿ, ಫೋಟೋ ತೆಗೆದು, ಅವರಮ್ಮನಿಗೆ ಕಳಿಸಿಯೇ ಸುಮ್ಮನಾದ.

ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಈ ಹೆಸರು ಹೊಸದಿರಬಹುದು. ಮಾಲ್ಗುಡಿ ಎಂಬ ಊರು ಯಾವ ನಕಾಶೆಯಲ್ಲೂ ಇಲ್ಲ. ಮೈಸೂರಿನಲ್ಲಿದ್ದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳ ಊರು ಅದು. ಆ ಕಥೆಗಳನ್ನು ಶಂಕರ್‌ನಾಗ್ ಟಿವಿಗೆ ತಂದರು. ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. 1986-87ರಲ್ಲಿ ಅದು ದೂರದರ್ಶನದಲ್ಲಿ ಬಂತು. ಸ್ವಾಮಿ ಎಂಬ ಹುಡುಗನಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ನಮ್ಮ ಧಾರವಾಡದ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಚಿತ್ರಗಳನ್ನು ಬರೆದವರು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್. ಇನ್ನು ಎಲ್. ವೈದ್ಯನಾಥನ್ ಕೂಡಿಸಿದ ಆ ರಾಗ! ಅದರಲ್ಲಿ ಮಾತಿಲ್ಲ, ಬರೀ ಗುನುಗುವುದು. ಒಮ್ಮೆ ಕಿವಿಗೆ ಬಿದ್ದರೆ ದಿನವಿಡೀ ಬಾಯಿಂದ ಹೋಗುವುದಿಲ್ಲ. ಶಂಕರ್‌ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ.

ನಾನು ನೌಕರಿ ಶುರುಮಾಡಿದ್ದು ರಾಮದುರ್ಗದ ಕಡೆ, ಮಗ್ಗದ ಸಪ್ಪಳದ ನಡುವೆ ಮಗ್ಗಿ ಹೇಳಿಸುತ್ತ. ಆಮೇಲೆ ಸವದತ್ತಿ ತಾಲೂಕಿನ ಒಂದು ಹಳ್ಳಿ, ಅಲ್ಲಿಂದ ಕಿತ್ತೂರಿನ ಹತ್ತಿರ, ಕೊನೆಗೆ ಬೈಲಹೊಂಗಲ. ಧಾರಾವಾಹಿ ಬರುವಾಗ ನಾನಿದ್ದದ್ದು ಸವದತ್ತಿ ಕಡೆಯ ಆ ಹಳ್ಳಿಯಲ್ಲಿ. ಊರಿಗೆಲ್ಲ ಇದ್ದದ್ದು ಒಂದೇ ಟಿವಿ, ಹತ್ತಿ ವ್ಯಾಪಾರಿಗಳ ಮನೆಯಲ್ಲಿ. ಕಪ್ಪು ಬಿಳುಪು ಟಿವಿ, ಅದಕ್ಕೆ ಎರಡು ಕಡೆ ಎಳೆಯುವ ಕಟ್ಟಿಗೆಯ ಬಾಗಿಲು. ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುವುತ್ತ “ಬಂತೇನೋ?” ಅನ್ನುವನು. ಕೆಳಗಿನಿಂದ ಇಪ್ಪತ್ತು ಹುಡುಗರು “ಇನ್ನಷ್ಟು ತಿರುವೋ!” ಅನ್ನುವರು. ಮಾತೆಲ್ಲ ಹಿಂದಿ, ನಮಗೆ ಅರ್ಧಮರ್ಧ. ಆದರೂ ಪರೀಕ್ಷೆಗೆ ಹೆದರುವ ಹುಡುಗನ ಮೋರೆಗೆ ಯಾವ ಭಾಷೆ ಬೇಕು?

ಮಾಸ್ತರ ಎಂದು ನನಗೆ ಕುರ್ಚಿ ಹಾಕುತ್ತಿದ್ದರು. ಹುಡುಗರು ನೆಲದ ಮೇಲೆ ಕೂರುತ್ತಿದ್ದರು. ಒಳಗೆ ಜಾಗ ಸಿಗದವರು ಹೊರಗೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಹಾಗೆ ನಿಲ್ಲುವವರಲ್ಲಿ ನನ್ನ ಐದನೇ ಇಯತ್ತೆಯ ಒಬ್ಬ ಹುಡುಗನೂ ಇದ್ದ. ಎರಡು ಸರಳಿನ ನಡುವೆ ಹಣೆ ಒತ್ತಿಕೊಂಡು ನೋಡುವನು. ಮುಗಿಯುವ ಹೊತ್ತಿಗೆ ಹಣೆಯ ಮೇಲೆ ಎರಡು ಗೆರೆ ಮೂಡಿರುತ್ತಿದ್ದವು.

ಅಂಗಿ ಬಂದ ದಿನ ರಾತ್ರಿ ಮೊಮ್ಮಗ ಮೊಬೈಲಿನಲ್ಲಿ ಅದೇ ಧಾರಾವಾಹಿ ಹಚ್ಚಿದ. ಇಬ್ಬರೂ ಒಂದೇ ತರಹದ ಅಂಗಿಯಲ್ಲಿ ಮಂಚದ ಮೇಲೆ ಕೂತು ನೋಡಿದೆವು. ಶಾಲೆಯ ದೃಶ್ಯ ಬಂತು, ಬೆತ್ತವೂ ಬಂತು. ಅವನು ನಿಲ್ಲಿಸಿ ಕೇಳಿದ, “ಅಜ್ಜ, ನೀನೂ ಹೀಗೇ ಹೊಡೀತಿದ್ಯಾ?”

ಸುಳ್ಳು ಹೇಳಬಹುದಿತ್ತು. ಅವನ ಶಾಲೆಯಲ್ಲಿ ಹೊಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ. ನಮ್ಮ ಕಾಲದಲ್ಲಿ ಛಡಿ ಇಲ್ಲದ ಮಾಸ್ತರ ಮಾಸ್ತರನೇ ಅಲ್ಲ ಎನ್ನುತ್ತಿದ್ದರು ಎಂದೂ ಹೇಳಬಹುದಿತ್ತು. ಅದು ಖರೆ, ಆದರೆ ಅವನು ಕೇಳಿದ್ದು ಕಾಲದ ಬಗ್ಗೆ ಅಲ್ಲ, ನನ್ನ ಬಗ್ಗೆ. “ಹೌದು” ಅಂದೆ. ಹೇಳಿದೆ.

ಒಂದು ಭಾಗ ನೋಡಿದ ಮರುದಿನ. ಭಿನ್ನರಾಶಿಯ ಪಾಠ. ಹಲಗೆಯ ಕಡೆ ಮುಖ ಮಾಡಿ ಬರೆಯುತ್ತಿದ್ದೆ. ಹಿಂದಿನಿಂದ ಸಣ್ಣಗೆ ಆ ರಾಗ ಕೇಳಿತು. ಹಿಂದಿನ ದಿನ ಕುರ್ಚಿಯಲ್ಲಿ ಕೂತು ಅದೇ ರಾಗಕ್ಕೆ ನಾನೂ ಕಾಲು ಕುಣಿಸಿದ್ದೆ. “ಯಾರದು?” ಅಂದೆ. ಕಿಟಕಿಯ ಹುಡುಗ ತಾನಾಗಿಯೇ ಎದ್ದು ನಿಂತ. ತಾನಾಗಿ ಎದ್ದವನನ್ನು ಬಿಡಬಹುದಿತ್ತು. ಬಿಡಲಿಲ್ಲ. ಉಳಿದವರು ಕಿಸಕ್ಕನೆ ನಕ್ಕಿದ್ದರು, ನನಗೆ ಅದು ತಡೆಯಲಿಲ್ಲ. ನಾಲ್ಕು ಏಟು, ಅಂಗೈ ಮೇಲೆ. ಅವನು ಅಳಲಿಲ್ಲ. ಆದರೆ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವರಪ್ಪ ರಟ್ಟೆ ಹಿಡಿದು ಕರೆತಂದು, “ಇನ್ನೆರಡು ಹಾಕ್ರಿ ಸರ, ಬುದ್ಧಿ ಬರಲಿ” ಅಂದರು. ಆಗಿನ ಅಪ್ಪಂದಿರು ಹಾಗೆ.

ನಾರಾಯಣರ 1935ರ ಕಾದಂಬರಿಯಲ್ಲಿ ಸ್ವಾಮಿ ಹೆಡ್‌ಮಾಸ್ತರರ ಬೆತ್ತ ಕಸಿದು ಕಿಟಕಿಯಾಚೆ ಎಸೆದು ಓಡಿಹೋಗುತ್ತಾನೆ. ನಮ್ಮ ಹುಡುಗರು ಯಾರೂ ಕಸಿಯಲಿಲ್ಲ. ಈ ಹುಡುಗ ಮಾಡಿದ್ದು ಇಷ್ಟೇ: ಮತ್ತೆಂದೂ ಟಿವಿ ನೋಡಲು ಆ ಕಿಟಕಿಗೆ ಬರಲಿಲ್ಲ. ಒಳಗೆ ಕುರ್ಚಿಯಲ್ಲಿ ನಾನು ಕೂತಿರುತ್ತಿದ್ದೆನಲ್ಲ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಈಗ ಎಲ್ಲಿದ್ದಾರೆ?” ಅಂದ. ನನಗೆ ಗೊತ್ತಿತ್ತು. ಸವದತ್ತಿಯಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅವನದು ಕಾಯಿ-ಕರ್ಪೂರ, ಭಂಡಾರದ ಅಂಗಡಿ. ಎಷ್ಟೋ ಸಲ ಗುಡ್ಡಕ್ಕೆ ಹೋಗಿದ್ದೇನೆ. ಪ್ರತಿಸಲವೂ ರಸ್ತೆಯ ಆ ಬಾಜು ಬಿಟ್ಟು ಈ ಬಾಜು ನಡೆದಿದ್ದೇನೆ.

ಮಂಗಳವಾರ ಬಸ್ಸು ಹತ್ತಿದೆವು, ಇಬ್ಬರೂ ಅದೇ ಅಂಗಿಯಲ್ಲಿ. ಬಸ್ಸಿನಲ್ಲಿ ಒಬ್ಬಾಕೆ ಅಜ್ಜ-ಮೊಮ್ಮಗನ ಜೋಡಿ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಹೊತ್ತಿಗೆ ನನಗೆ ನಾಚಿಕೆ ಹೋಗಿತ್ತು, ಅಥವಾ ಅದಕ್ಕಿಂತ ದೊಡ್ಡ ನಾಚಿಕೆಯೊಂದು ಒಳಗೆ ಕೂತಿತ್ತು.

ಅಂಗಡಿಯಲ್ಲಿ ಅವನೇ ಇದ್ದ. ತಲೆ ಅರ್ಧ ಬೆಳ್ಳಗಾಗಿದೆ. “ಸರ! ಬರ್ರಿ, ಬರ್ರಿ” ಎಂದು ಸ್ಟೂಲು ಒರೆಸಿ ಇಟ್ಟ. ಆಮೇಲೆ ನನ್ನ ಎದೆ ನೋಡಿದ, ಮೊಮ್ಮಗನ ಎದೆ ನೋಡಿದ. “ಸ್ವಾಮಿ ಅಲ್ಲರಿ ಇಂವ?” ಅಂದ. ನಾನು ಎಲ್ಲಿಂದ ಶುರುಮಾಡಲಿ ಎಂದು ಹುಡುಕುತ್ತಿದ್ದಾಗಲೇ ಮೊಮ್ಮಗ ಬಾಯಿಬಿಟ್ಟ, “ಅಂಕಲ್, ನಮ್ಮಜ್ಜ ನಿಮಗೆ ಹೊಡೆದಿದ್ರಂತೆ.”

“ತಪ್ಪು ಮಾಡಿದೆನಪ್ಪ” ಅಂದೆ. “ಆ ರಾಗ ನನಗೂ ಭಾಳ ಸೇರತಿತ್ತು.”

“ಹೋಗ್ಲಿ ಬಿಡ್ರಿ ಸರ. ನನಗೆಲ್ಲಿ ನೆನಪೈತಿ.” ಅವನು ತಿರುಗಿ ಭಂಡಾರದ ಪುಡಿಕೆ ಕಟ್ಟತೊಡಗಿದ. ದಾರ ಸುತ್ತುತ್ತ, ನಮ್ಮ ಕಡೆ ನೋಡದೆ ಹೇಳಿದ, “ಎಡಗೈ ಮುಂದ ಮಾಡಿದ್ದೆರಿ. ಬಲಗೈಲೆ ಬರೀಬೇಕಿತ್ತಲ್ಲ.”

ನಾನು ಏನೂ ಹೇಳಲಾಗಲಿಲ್ಲ. ಚಹಾ ತರಿಸಿದ. ಕುಡಿದೆವು. ಮೊಮ್ಮಗನಿಗೆ ಒಂದು ಬಾಳೆಹಣ್ಣು ಕೊಟ್ಟ. ರೊಕ್ಕ ಕೊಡಹೋದರೆ ಬೇಡವೇ ಬೇಡ ಅಂದ. ಏಳುವ ಹೊತ್ತಿಗೆ ಅವನು ನನ್ನನ್ನಲ್ಲ, ಮೊಮ್ಮಗನನ್ನು ಕೇಳಿದ, “ತಮ್ಮಾ, ಆ ಸ್ವಾಮಿ ಕಥಿ ಕಡೀಕ ಏನಾತೋ? ನಾ ಪೂರ್ತಿ ನೋಡಲಿಲ್ಲ.”

ಮೊಮ್ಮಗ ಮತ್ತೆ ಸ್ಟೂಲಿನ ಮೇಲೆ ಕೂತ. ಸ್ವಾಮಿಯ ಗೆಳೆಯ ರಾಜಮ್‌ನ ಅಪ್ಪನಿಗೆ ವರ್ಗವಾಗುವುದು, ರಾಜಮ್ ಮುನಿಸಿಕೊಂಡೇ ರೈಲು ಹತ್ತುವುದು, ಸ್ವಾಮಿ ಅವನಿಗಾಗಿ ಒಂದು ಪುಸ್ತಕ ಹಿಡಿದು ಸ್ಟೇಷನ್ನಿಗೆ ಹೋಗುವುದು, ಎಲ್ಲವನ್ನೂ ಕೈ ಬಾಯಿ ತಿರುಗಿಸಿ ಹೇಳತೊಡಗಿದ. ಕಾಯಿ ಕೊಳ್ಳಲು ಬಂದ ಇಬ್ಬರು “ಏನ್ರಿ, ಕಾಯಿ ಕೊಡ್ರಲಾ” ಅಂದರು. ಅವನು ಅವರಿಗೆ ಕೈಯಿಂದಲೇ “ತಡೀರಿ” ಅಂದು, ಮೊಮ್ಮಗನಿಗೆ “ಮುಂದ?” ಅಂದ.