ಚಿಪ್ಪುಹಂದಿಗೆ ಬೆಕ್ಕು ಏನಾಗಬೇಕು?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಮೊದಲು ಕೇಳುವ ಪ್ರಶ್ನೆ, 'ಹುಡುಗ ನಿಮಗೆ ಏನಾಗಬೇಕು?' ಸೋದರತ್ತೆಯ ಮೊಮ್ಮಗ ಎಂದರೆ ಸಾಕು, ಅವರ ತಲೆಯೊಳಗೊಂದು ವಂಶವೃಕ್ಷ ಬಿಚ್ಚಿಕೊಂಡು ನಮ್ಮನ್ನೂ ಅದರ ಯಾವುದೋ ಕೊಂಬೆಯಲ್ಲಿ ಕೂರಿಸಿಬಿಡುತ್ತದೆ. ಪ್ರಾಣಿಗಳ ವರ್ಗೀಕರಣವೆಂದರೂ ಇಷ್ಟೇ ಎಂದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವಾಗ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಪರೀಕ್ಷೆ ಬಂದಾಗ ಮಾತ್ರ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಮಗ್ಗಿಯ ಹಾಗೆ ಒಪ್ಪಿಸಿ ಮರೆತುಬಿಡುತ್ತಿದ್ದರು.

ಈ ಮಗ್ಗಿಗೆ ಜೀವ ಬಂದದ್ದನ್ನು ನಾನು ಕಂಡದ್ದು ನಿವೃತ್ತನಾದ ಮೇಲೆ, ಮಲೆನಾಡಿನ ನಮ್ಮೂರಿನ ಒಂದು ಅಡಿಕೆ ತೋಟದಲ್ಲಿ. ದಸರಾ ರಜೆಗೆ ಅಕ್ಕನ ಮಗ ಸಂಸಾರ ಸಮೇತ ಬಂದಿದ್ದ. ಬೆಳಿಗ್ಗೆ ಪಕ್ಕದ ತೋಟದಿಂದ ಕೂಗು ಕೇಳಿಸಿತು. ನೀರಿಲ್ಲದ ಸಿಮೆಂಟ್ ತೊಟ್ಟಿಯೊಳಗೆ ರಾತ್ರಿ ಚಿಪ್ಪುಹಂದಿಯೊಂದು ಬಿದ್ದಿತ್ತು. ಬುಟ್ಟಿಯಷ್ಟು ದೊಡ್ಡ ಉಂಡೆಯಾಗಿ ಸುತ್ತಿಕೊಂಡು, ಮೂತಿಯನ್ನು ಬಾಲದಡಿ ಬಚ್ಚಿಟ್ಟುಕೊಂಡು ಮಲಗಿತ್ತು, ಪಾಪ. ಸುತ್ತ ಹದಿನೈದು ಇಪ್ಪತ್ತು ಜನ. ಒಬ್ಬ, ಚಿಪ್ಪಿಗೆ ಪೇಟೆಯಲ್ಲಿ ಭಾರೀ ಬೆಲೆಯಿದೆ, ಕೊಳ್ಳುವವರು ತನಗೆ ಗೊತ್ತು ಎಂದ. ಇನ್ನೊಬ್ಬ, ಅದು ಮೂಲವ್ಯಾಧಿಗೆ ಔಷಧಿ ಎಂದ. ನಾನು ಅರಣ್ಯ ಇಲಾಖೆಗೆ ಫೋನ್ ಮಾಡಿಸಿದೆ. ಅವರು ಬರಲು ಎರಡು ಗಂಟೆಯಾದರೂ ಬೇಕಿತ್ತು. ಅಷ್ಟು ಹೊತ್ತು ಆ ಜನರನ್ನು ಮಾತಿನಲ್ಲೇ ಹಿಡಿದಿಡಬೇಕಿತ್ತು, ನೋಡಿ.

ದಾರಿ ತೋರಿಸಿದವಳು ಒಂಬತ್ತನೇ ತರಗತಿಯ ಮೊಮ್ಮಗಳು. 'ಅಜ್ಜ, ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ ಮೂರೂ ಅಣ್ಣತಮ್ಮಂದಿರಾ?' ಅವಳಪ್ಪ ತಕ್ಷಣ, 'ಮಾವ, ಇದು ಪರೀಕ್ಷೆಗೆ ಬರುತ್ತಾ?' ಎಂದ. ಈ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬರುವುದಿಲ್ಲ ಎಂದೆ.

ಮೂರರಲ್ಲಿ ನಿಜವಾದ ಹಂದಿ ಕಾಡುಹಂದಿ ಒಂದೇ. ಅದರ ಕಾಲಿನಲ್ಲಿ ದನ, ಜಿಂಕೆಗಳಂತೆ ಸೀಳು ಗೊರಸು. ಮುಳ್ಳುಹಂದಿ ಇಲಿ, ಅಳಿಲುಗಳ ಕಡೆಯದು. ಮುಂದಿನ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ, ಸವೆಸಲು ಕಾಡಿನಲ್ಲಿ ಬಿದ್ದ ಮೂಳೆ, ಕೊಂಬುಗಳನ್ನೂ ಕಡಿಯುತ್ತದೆ. ಅದರ ಮುಳ್ಳೆಂದರೆ ದಪ್ಪಗಾದ ಕೂದಲು. ಬಾಣದಂತೆ ಎಸೆಯುತ್ತದೆ ಎಂಬುದು ಬರೀ ಕಥೆ. ಹಂದಿಯಂತೆ ಗುಟುರು ಹಾಕುವುದರಿಂದಲೋ ಏನೋ, ಅದನ್ನೂ ನಮ್ಮ ಹಿರಿಯರು ಹಂದಿ ಎಂದರು.

ತೊಟ್ಟಿಯಲ್ಲಿದ್ದದ್ದು ಮಾತ್ರ ದೊಡ್ಡ ದೊಡ್ಡವರನ್ನೇ ಸತಾಯಿಸಿದ ಪ್ರಾಣಿ. ಮೈಮೇಲೆ ಚಿಪ್ಪು, ಆದರೆ ಮೊಸಳೆಯ ಕಡೆಯದಲ್ಲ. ಹೊಟ್ಟೆಯ ಮೇಲೆ ವಿರಳ ಕೂದಲಿದೆ, ಮೈ ಬಿಸಿ, ಸಾಮಾನ್ಯವಾಗಿ ಒಂದೇ ಮರಿ ಹಾಕಿ ಹಾಲೂಡಿಸುತ್ತದೆ, ಮರಿಯನ್ನು ಬಾಲದ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಅಂದರೆ ಸಸ್ತನಿ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಉದ್ದನೆಯ ಅಂಟು ನಾಲಿಗೆಯಿಂದ ಇರುವೆ, ಗೆದ್ದಲು ನೆಕ್ಕಿ ನುಂಗಿದರೆ, ಅರೆಯುವ ಕೆಲಸ ಜಠರದ್ದು. ಜೊತೆಗೆ ನುಂಗಿದ ಮರಳು, ಕಲ್ಲಿನ ಚೂರುಗಳೇ ಅಲ್ಲಿ ಬೀಸುವ ಕಲ್ಲು.

ಸ್ವೀಡನ್ನಿನ ಕಾರ್ಲ್ ಲಿನೇಯಸ್ ಈಗಿನ ವರ್ಗೀಕರಣಕ್ಕೆ ತಳಪಾಯ ಹಾಕಿದವನು. 1735ರ ಪುಸ್ತಕದಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆ ಇಟ್ಟಿದ್ದ ಅವನು, 1758ರ ಹತ್ತನೇ ಆವೃತ್ತಿಯ ಹೊತ್ತಿಗೆ ಸಸ್ತನಿಗಳಿಗೆ ಸೇರಿಸಿದ. ಅದೇ ಆವೃತ್ತಿಯಲ್ಲಿ ಬಾವಲಿಯನ್ನು ಮನುಷ್ಯ, ಕೋತಿಗಳ ಗಣದಲ್ಲಿಯೂ ಚಿಪ್ಪುಹಂದಿಯನ್ನು ಆನೆಯ ಗಣದಲ್ಲಿಯೂ ಕೂರಿಸಿದ್ದಾನೆ! ಮುಂದಿನವರು ಅದನ್ನು ದಕ್ಷಿಣ ಅಮೆರಿಕದ ಇರುವೆಬಾಕನ ಜೊತೆ 'ಹಲ್ಲಿಲ್ಲದವು' ಎಂಬ ಗುಂಪಿಗೆ ಹಾಕಿದರು. ಎರಡಕ್ಕೂ ಹಲ್ಲಿಲ್ಲ, ಎರಡಕ್ಕೂ ಉದ್ದ ನಾಲಿಗೆ, ಮಣ್ಣು ಬಗೆಯುವ ಉಗುರು. ಆದರೆ ಒಂದೇ ಕಸುಬು ಮಾಡುವವರ ಅಂಗೈ ಒಂದೇ ಥರ ಜಡ್ಡುಗಟ್ಟಿದ ಮಾತ್ರಕ್ಕೆ ಅವರು ನೆಂಟರಾಗುವುದಿಲ್ಲವಲ್ಲ. ಸುಮಾರು 2000ನೇ ಇಸವಿಯ ಆಚೀಚೆ ಡಿಎನ್ಎ ಹೋಲಿಸಿ ನೋಡಿದಾಗ, ಚಿಪ್ಪುಹಂದಿಯ ಕೊಂಬೆ ಇರುವುದು ಬೆಕ್ಕು, ನಾಯಿ, ಕರಡಿಗಳ ಕೊಂಬೆಯ ಪಕ್ಕದಲ್ಲಿ ಎಂದು ತಿಳಿಯಿತು. ಬೆಕ್ಕಿನ ಮನೆಯದೇ ಅಲ್ಲ, ಪಕ್ಕದ ಮನೆಯದು. ದೂರದ ದಾಯಾದಿ ಎನ್ನಿ.

'ಹಾಗಾದರೆ ಪುಸ್ತಕ ಬದಲಾಗುತ್ತಾ?' ಎಂದಳು ಹುಡುಗಿ. ಬದಲಾಗುತ್ತದೆ, ಬದಲಾಗಬೇಕು. ಅದಕ್ಕೆ ಪಾಕಿಸ್ತಾನದಲ್ಲಿ ಸಿಕ್ಕ ಪುರಾತನ ತಿಮಿಂಗಿಲಗಳ ಪಳೆಯುಳಿಕೆಯೇ ಸಾಕ್ಷಿ. ಅವಕ್ಕೆ ಕಾಲಿತ್ತು, ಕಣಕಾಲಿನ ಮೂಳೆ ಹಂದಿ, ಜಿಂಕೆಗಳದೇ ಮಾದರಿ ಎಂದು 2001ರಲ್ಲಿ ಪ್ರಕಟವಾಯಿತು. ಇಂದು ಬದುಕಿರುವವರಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ ನೆಂಟ ಹಿಪಪಾಟಮಸ್. ಹಂದಿಗೆ ಚಿಪ್ಪುಹಂದಿಗಿಂತ ತಿಮಿಂಗಿಲವೇ ಹತ್ತಿರ! ನಮ್ಮ ಪಠ್ಯಪುಸ್ತಕಗಳು ಕೋಷ್ಟಕ ಕೊಡುತ್ತವೆ, ಆ ಕೋಷ್ಟಕಕ್ಕಾಗಿ ನಡೆದ ಜಗಳವನ್ನು ಕೊಡುವುದಿಲ್ಲ. ಮಕ್ಕಳಿಗೆ ರುಚಿ ಹತ್ತುವುದು ಜಗಳದಲ್ಲೇ.

ಅಷ್ಟರಲ್ಲಿ ಬೆಲೆಯ ಮಾತು ಮತ್ತೆ ಎದ್ದಿತು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, 'ಅಜ್ಜ, ಚಿಪ್ಪು ಯಾವುದರಿಂದ ಆಗಿದೆ?' ಎಂದಳು. ಕೆರಾಟಿನ್ ಎಂದೆ. ನಮ್ಮ ಉಗುರು, ಕೂದಲು, ದನದ ಕೊಂಬಿನ ಹೊರಕವಚ, ಎಲ್ಲ ಅದರಿಂದಲೇ ಆದವು. 'ಹಾಗಾದರೆ ಔಷಧಿಗೆ ಉಗುರು ಕತ್ತರಿಸಿ ತಿಂದರಾಯಿತಲ್ಲ!' ಎಂದಳು. ಕ್ಷೌರದಂಗಡಿ ಗುಡಿಸಿದರೆ ಚೀಲಗಟ್ಟಲೆ ಸಿಗುತ್ತದೆ ಎಂದು ಅವಳಪ್ಪನೇ ಸೇರಿಸಿದ. ಎಲ್ಲರೂ ನಕ್ಕರು, ಔಷಧಿಯ ಮಾತು ಅಲ್ಲಿಗೆ ನಿಂತಿತು. ಬೆಲೆ ಹೇಳಿದವನು ನಗಲಿಲ್ಲ. ಅವನಿಗೆ ಕಾನೂನನ್ನೇ ಹೇಳಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು, ಸಿಕ್ಕಿಬಿದ್ದರೆ ಜೈಲು. ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರಾ ನಿಷೇಧಿಸಲು ದೇಶಗಳು 2016ರಲ್ಲಿ ಒಪ್ಪಿಕೊಂಡಿವೆ. ಆದರೂ ಕಳ್ಳಸಾಗಣೆ ನಿಂತಿಲ್ಲ. ಹುಲಿ ಬಂದರೂ ಉಂಡೆಯಾಗಿ ಬಚಾವಾಗುವ ಪ್ರಾಣಿಯನ್ನು ಮನುಷ್ಯ ಚೀಲದಲ್ಲಿ ಹಾಕಿ ಹೊತ್ತೊಯ್ಯಬಹುದು. ಉಂಡೆಯಾಗುವುದೇ ಅದಕ್ಕೆ ಮುಳುವಾಗಿದೆ.

ಇಲಾಖೆಯವರು ಮಧ್ಯಾಹ್ನ ಬಂದು ಅದನ್ನು ಒಯ್ದು ಕಾಡಿಗೆ ಬಿಟ್ಟರು.

ಈಗ ಫೋನ್ ಬಂದರೆ ಹುಡುಗಿಯದು ಇದೇ ವಿಚಾರಣೆ. ನೀರುನಾಯಿ ನಾಯಿಗೆ ಏನಾಗಬೇಕು? ಹತ್ತಿರದ್ದೇನೂ ಅಲ್ಲ, ತರಕರಡಿಗೆ ಹತ್ತಿರ. ತರಕರಡಿ ಕರಡಿಯಾ? ಅಲ್ಲ. ಕತ್ತೆಕಿರುಬ? ಕತ್ತೆಯೂ ಅಲ್ಲ, ನಾಯಿಯೂ ಅಲ್ಲ, ಮುಂಗುಸಿ, ಬೆಕ್ಕುಗಳ ಕಡೆಯದು. ಹಿಂದಿನಿಂದ ಅವಳಪ್ಪ ಪುನುಗುಬೆಕ್ಕಿನ ವಿಷಯ ಕೇಳು ಎನ್ನುವುದೂ ಕೇಳಿಸುತ್ತದೆ. ನಕ್ಷತ್ರಮೀನಿನವರೆಗೆ ಅವರಿನ್ನೂ ಬಂದಿಲ್ಲ.